ಯಾರಿಗೂ ಬೇಡದ ಗಾಜು

ನವೆಂಬರಿನಲ್ಲಿ ಕಚೇರಿಗೆ ಬಣ್ಣ ಹೊಡೆಸಿದೆವು. ಪೇಂಟರು ಮೊದಲ ದಿನವೇ ಅಟ್ಟದ ಕಡೆ ನೋಡಿ, ಇದಷ್ಟೂ ಇಳಿಯದೆ ಬ್ರಷ್ ಮುಟ್ಟುವುದಿಲ್ಲ ಅಂದುಬಿಟ್ಟ. ಇಳಿಸಿದೆವು. ದಪ್ಪ ಬೆನ್ನಿನ ಎರಡು ಕಂಪ್ಯೂಟರ್ ಮಾನಿಟರು, ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು, ಫ್ಯಾಕ್ಸ್ ಯಂತ್ರ, ಮೂರು ಮೋಡೆಮ್ಮು, ಹೊಟ್ಟೆ ಊದಿಕೊಂಡ ಯುಪಿಎಸ್ ಬ್ಯಾಟರಿ, ಶೂ ಡಬ್ಬದ ತುಂಬ ಸುಟ್ಟುಹೋದ ಸಿಎಫ್‌ಎಲ್ ಬಲ್ಬು, ಯಾವ ಫೋನಿನವೆಂದು ಯಾರಿಗೂ ನೆನಪಿಲ್ಲದ ಚಾರ್ಜರುಗಳ ಸಿಕ್ಕು. ಎಲ್ಲದರ ಅಡಿಯಲ್ಲಿ ನಮ್ಮದೇ ಪತ್ರಿಕೆಯ 2012ರ ಮೇ ಸಂಚಿಕೆಯ ಒಂದು ಕಟ್ಟು. ಆ ಸಲದ ಮುಖಪುಟ ಲೇಖನ ಇ-ತ್ಯಾಜ್ಯದ ಬಗ್ಗೆ. ದೇಶದ ಮೊದಲ ಇ-ತ್ಯಾಜ್ಯ ನಿಯಮಗಳು ಆ ತಿಂಗಳ ಒಂದನೇ ತಾರೀಖು ಜಾರಿಗೆ ಬಂದಿದ್ದವು. ಇನ್ನು ಐದು ವರ್ಷದಲ್ಲಿ ಗುಜರಿ ಅಂಗಡಿಯಲ್ಲಿ ಕಂಪ್ಯೂಟರು ಕಾಣಿಸದು ಎಂದು ನಾವು ಭರವಸೆಯಿಂದ ಬರೆದಿದ್ದೆವು. ಹಾಗೆ ಬರೆದವರೇ ಮಾನಿಟರುಗಳನ್ನು ಅಟ್ಟಕ್ಕೇರಿಸಿ ಏಣಿ ತೆಗೆದಿದ್ದರು.

ಈ ಸಲ ಅಟ್ಟ ಖಾಲಿ ಮಾಡುವ ಎರಡು ದಾರಿಯನ್ನೂ ತುಳಿದು ನೋಡಿದೆವು. ಮಾನಿಟರು ತಯಾರಿಸಿದ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದಾಗ ವಿನಯದಿಂದಲೇ ಮಾತಾಡಿದರು, ಒಂದು ನಂಬರು ಬರೆಸಿದರು, ಎಷ್ಟು ಕಿಲೋ ಆಗಬಹುದು ಎಂದು ಕೇಳಿದರು, ಗಾಡಿ ಬರುತ್ತದೆ ಎಂದರು. ಹದಿನೆಂಟು ದಿನ ಕಾದೆವು, ಗಾಡಿ ಬರಲಿಲ್ಲ. ಗುಜರಿಯವನನ್ನು ಮಾತ್ರ ಕರೆಯುವ ಅಗತ್ಯವೂ ಬೀಳಲಿಲ್ಲ. ಅಟ್ಟ ಇಳಿಸುವ ಸದ್ದಿಗೇ ಆತ ಗೇಟಿನ ಹತ್ತಿರ ಬಂದು ನಿಂತಿದ್ದ. ಬ್ಯಾಟರಿಯನ್ನು ಒಂದು ಕೈಯಲ್ಲಿ ಎತ್ತಿ ತೂಕ ಅಂದಾಜು ಮಾಡಿದ. ಪ್ರಿಂಟರನ್ನು ಅಲ್ಲಾಡಿಸಿ ಒಳಗೆ ಮೋಟರು ಇರುವುದನ್ನು ಖಾತ್ರಿ ಮಾಡಿಕೊಂಡ. ಫ್ಯಾಕ್ಸ್ ಯಂತ್ರದ ಮುಚ್ಚಳ ಎಬ್ಬಿಸಿ ಬೋರ್ಡಿನ ಮೇಲೆ ಕಣ್ಣಾಡಿಸಿದ. ಮಾನಿಟರಿನ ಹತ್ತಿರ ಬಂದಾಗ ಮಾತ್ರ ತಲೆ ಅಲ್ಲಾಡಿಸಿದ.

"ಟ್ಯೂಬ್ ಬೇಡ ಸಾರ್. ಬೇಕಂದ್ರೆ ಇಲ್ಲೇ ಒಡೆದು ತಾಮ್ರ ತಗೊಂಡು ಹೋಗ್ತೀನಿ. ಗಾಜು ನಿಮಗೇ."

ಇ-ತ್ಯಾಜ್ಯದ ಎರಡು ದಶಕದ ಲೆಕ್ಕ ಬರೆಯಲು ಕುಳಿತಾಗ ಆ ಮಾತು ಮತ್ತೆ ಮತ್ತೆ ನೆನಪಾಯಿತು. ಪಿಕ್ಚರ್ ಟ್ಯೂಬಿನ ಕುತ್ತಿಗೆಗೆ ಸುತ್ತಿದ ತಾಮ್ರದ ಸುರುಳಿಗೆ ಬೆಲೆ ಇದೆ, ಅದನ್ನು ಬಿಚ್ಚಲು ಸುತ್ತಿಗೆಯ ಒಂದು ಏಟು ಸಾಕು. ಉಳಿಯುವುದು ಗಾಜು. ಅದರಲ್ಲೂ ಹಿಂಬದಿಯ ಲಾಳಿಕೆಯಂಥ ಭಾಗದಲ್ಲಿ ಎಕ್ಸ್-ರೇ ಹೊರಗೆ ಬಾರದಿರಲೆಂದು ಸೀಸ ಬೆರೆಸಿರುತ್ತಾರೆ. ದೊಡ್ಡ ಟ್ಯೂಬಾದರೆ ಒಂದು ಕಿಲೋಗೂ ಹೆಚ್ಚು ಸೀಸ. ಆ ಗಾಜನ್ನು ಕರಗಿಸಿ ಹೊಸ ಟ್ಯೂಬು ಮಾಡುತ್ತಿದ್ದ ಕಾರ್ಖಾನೆಗಳು ಎಲ್‌ಸಿಡಿ ಪರದೆ ಬಂದ ಮೇಲೆ ಬಾಗಿಲು ಹಾಕಿದವು. ಹೀಗೆ ಎಂಬತ್ತು, ತೊಂಬತ್ತರ ದಶಕಗಳಲ್ಲಿ ಊರೂರಿನ ಮನೆಗಳಿಗೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಬಂದ ಟಿವಿಗಳು ಹೊರಟಾಗ ಅವುಗಳ ತಾಮ್ರ ಪೇಟೆ ಸೇರಿತು, ಪ್ಲಾಸ್ಟಿಕ್ಕೂ ಸೇರಿತು, ಗಾಜು ಕೆರೆ ಏರಿಯ ಪಕ್ಕಕ್ಕೋ ರಾಜಕಾಲುವೆಗೋ ಹೋಯಿತು. ನಮ್ಮ ಮಾನಿಟರುಗಳನ್ನು ಹತ್ತೊಂಬತ್ತನೆಯ ದಿನ ನಾವೇ ಆಟೊದಲ್ಲಿ ಹಾಕಿಕೊಂಡು ಪರವಾನಗಿ ಇರುವ ಮರುಬಳಕೆ ಘಟಕವೊಂದಕ್ಕೆ ಮುಟ್ಟಿಸಿದೆವು. ಆಟೊದವನಿಗೆ ಕೊಟ್ಟದ್ದು 650 ರೂಪಾಯಿ, ಪ್ರತಿಯಾಗಿ ಸಿಕ್ಕಿದ್ದು ಒಂದು ರಸೀದಿ. ಹೊಣೆಯರಿತು ನಡೆದವನು ಜೇಬಿನಿಂದ ತೆರುತ್ತಾನೆ, ನಡೆಯದವನಿಗೆ ಮನೆ ಬಾಗಿಲಲ್ಲೇ ನೋಟು ಸಿಗುತ್ತದೆ. ಹೀಗಿರುವಾಗ ‘ಜನರಿಗೆ ಅರಿವಿಲ್ಲ’ ಎಂಬ ವಾಕ್ಯವನ್ನು ಈ ಹದಿಮೂರು ವರ್ಷದಲ್ಲಿ ನಮ್ಮ ಪತ್ರಿಕೆ ಎಷ್ಟು ಸಲ ಅಚ್ಚು ಹಾಕಿದೆಯೋ, ಅಷ್ಟು ಸಲವೂ ಓದುಗರ ಕ್ಷಮೆ ಕೇಳಬೇಕು. ಜನರಿಗೆ ಅರಿವಿದೆ. ಲೆಕ್ಕ ಗೊತ್ತಿಲ್ಲದೆ ಇದ್ದದ್ದು ನಮಗೆ.

ಇಪ್ಪತ್ತು ವರ್ಷ ಎಂದು ಎಣಿಸುವುದಕ್ಕೂ ಒಂದು ಕಾರಣ ಇದೆ. 2005ರಲ್ಲಿ ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶದಲ್ಲಿ ಪಿ. ಪಾರ್ಥಸಾರಥಿಯವರು ಇ-ಪರಿಸರ ಎಂಬ ಘಟಕ ತೆರೆದರು. ಸರ್ಕಾರದ ಅನುಮತಿ ಪಡೆದು ಇ-ತ್ಯಾಜ್ಯ ಸಂಸ್ಕರಿಸಲು ದೇಶದಲ್ಲಿ ಶುರುವಾದ ಮೊದಲ ಘಟಕ ಅದು. ಆಗ ಇ-ತ್ಯಾಜ್ಯಕ್ಕೆಂದೇ ಕಾನೂನು ಇರಲಿಲ್ಲ, 1989ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿಯಲ್ಲೇ ಹೇಗೋ ನಡೆಯಬೇಕಿತ್ತು. ಅಲ್ಲಿ ಬಿಚ್ಚಿದ ಬೋರ್ಡುಗಳಲ್ಲಿನ ಚಿನ್ನ, ಬೆಳ್ಳಿ, ಪಲ್ಲಾಡಿಯಮ್ ತೆಗೆಯುವ ಕುಲುಮೆ ನಮ್ಮಲ್ಲಿ ಇರಲಿಲ್ಲವಾದ್ದರಿಂದ ಅವು ಹಡಗು ಹತ್ತಿ ಬೆಲ್ಜಿಯಂನ ಉಮಿಕೋರ್ ಕಂಪನಿಗೆ ಹೋಗುತ್ತಿದ್ದವು. ಇನ್ನೊಂದು ಕಡೆ, ಬೆಂಗಳೂರಿನ ಮೈಸೂರು ರಸ್ತೆಯ ಗೌರಿಪಾಳ್ಯದ ಓಣಿಗಳಲ್ಲಿ ಅದೇ ಬೋರ್ಡುಗಳನ್ನು ಕೈಯಲ್ಲೇ ಬಿಚ್ಚುತ್ತಿದ್ದರು. ಐಟಿ ರಾಜಧಾನಿ ಎನಿಸಿಕೊಂಡ ಊರಿನ ಕಸ ಹಾಯುತ್ತಿದ್ದದ್ದು ಈ ಎರಡು ಬಾಗಿಲುಗಳಲ್ಲಿ. ಓಣಿಯ ಬಾಗಿಲು ತುಂಬ ದೊಡ್ಡದು, ಘಟಕದ್ದು ತುಂಬ ಚಿಕ್ಕದು. ಆ ಅಳತೆ ಇವತ್ತಿಗೂ ಹೆಚ್ಚು ಬದಲಾಗಿಲ್ಲ.

ಕೈಯಲ್ಲಿ ಬಿಚ್ಚುವುದು ಎಂದರೆ ಏನೆಂದು ಒಮ್ಮೆ ಹತ್ತಿರದಿಂದ ನೋಡಬೇಕು. ದೋಸೆ ಹೆಂಚಿನಂಥ ಕಬ್ಬಿಣದ ತಗಡು, ಅದರ ಕೆಳಗೆ ಸ್ಟೌ. ಬೋರ್ಡನ್ನು ಅದರ ಮೇಲೆ ಬೋರಲು ಹಾಕಿ ಎರಡು ನಿಮಿಷ ಬಿಟ್ಟರೆ ಬೆಸುಗೆ ಕರಗಿ ಚಿಪ್ಪುಗಳು ಸಡಿಲವಾಗುತ್ತವೆ. ಇಕ್ಕಳದಲ್ಲಿ ಹಿಡಿದು ಒಮ್ಮೆ ಕೊಡವಿದರೆ ಪಟಪಟ ಉದುರುತ್ತವೆ. ಕೆಲಸಕ್ಕೆ ಬರುವ ಐಸಿಗಳು ಒಂದು ಡಬ್ಬಕ್ಕೆ, ಕಾಲು ಹೊಳೆಯುವವು ಇನ್ನೊಂದಕ್ಕೆ, ಉಳಿದ ಹಸಿರು ಹಲಗೆ ಗೋಣಿಚೀಲಕ್ಕೆ. ಆ ಹಳೆಯ ಬೆಸುಗೆಯಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಸೀಸ, ಮಿಕ್ಕದ್ದು ತವರ. ಹೊಗೆಗೆ ಒಂದು ಥರದ ಸಿಹಿ ವಾಸನೆ ಇರುತ್ತದೆ, ಸ್ವಲ್ಪ ಹೊತ್ತಿಗೆ ಗಂಟಲು ಕಟ್ಟುತ್ತದೆ. ಗೋಣಿಚೀಲ ಮುಂದೆ ದೆಹಲಿಯ ಸೀಲಂಪುರಕ್ಕೋ ಉತ್ತರ ಪ್ರದೇಶದ ಮೊರಾದಾಬಾದಿಗೋ ಲಾರಿ ಹತ್ತುತ್ತದೆ. ಹಿತ್ತಾಳೆ ಪಾತ್ರೆಗೆ ಹೆಸರಾದ ಮೊರಾದಾಬಾದಿನಲ್ಲಿ ಬೋರ್ಡುಗಳನ್ನು ಸುಟ್ಟು, ಬೂದಿಯನ್ನು ರಾಮಗಂಗಾ ನದಿಯ ದಂಡೆಯಲ್ಲಿ ತೊಳೆದು ಲೋಹ ಆರಿಸಿದ್ದಾರೆ. ಆಮ್ಲದ ಡ್ರಮ್ಮಿನಲ್ಲಿ ಮುಳುಗಿಸಿ ಚಿನ್ನ ತೆಗೆಯುವುದೂ ಉಂಟು. ಇಷ್ಟೆಲ್ಲ ಮಾಡಿ ಅಲ್ಲಿ ದಕ್ಕುವುದು ಇರುವುದರಲ್ಲಿ ಒಂದಂಶ. ಉಳಿದ ಲೋಹ ಮಣ್ಣಿಗೆ, ನೀರಿಗೆ, ಕೆಲಸ ಮಾಡುವವರ ಮೈಗೆ.

ಚಿನ್ನದ ಮಾತು ಬಂದ ಮೇಲೆ ಕೆಜಿಎಫ್ ನೆನಪಾಗದೆ ಇರದು. ಬೆಂಗಳೂರಿನಿಂದ ಪೂರ್ವಕ್ಕೆ ನೂರು ಕಿಲೋಮೀಟರು. ಮೂರು ಕಿಲೋಮೀಟರು ಆಳಕ್ಕಿಳಿದರೂ ಟನ್ನು ಅದಿರಿಗೆ ಕೆಲವೇ ಗ್ರಾಂ ಚಿನ್ನ ಸಿಗುವ ಹಂತ ತಲುಪಿ, 2001ರ ಫೆಬ್ರುವರಿ 28ರಂದು ಆ ಗಣಿ ಮುಚ್ಚಿತು. ಅದೇ ಒಂದು ಟನ್ನು ಹಳೆಯ ಮೊಬೈಲುಗಳಲ್ಲಿ, ಬ್ಯಾಟರಿ ತೆಗೆದು ತೂಗಿದರೆ, 300 ಗ್ರಾಂ ಆಸುಪಾಸು ಚಿನ್ನ ಇರುತ್ತದೆ. ಈ ಹೋಲಿಕೆಯನ್ನು ಭಾಷಣಗಳಲ್ಲಿ ‘ನಗರದ ಗಣಿ’ ಎಂದು ಹಾಡಿ ಹೊಗಳುವವರು ಕೆಜಿಎಫ್‌ನ ಇನ್ನರ್ಧ ಕಥೆಯನ್ನು ಬಿಟ್ಟುಬಿಡುತ್ತಾರೆ. ಚಿನ್ನ ಹೋದ ಮೇಲೆ ಊರಿಗೆ ಉಳಿದದ್ದು ಸೈನೈಡ್ ದಿಬ್ಬಗಳು. ಗಾಳಿ ಎದ್ದಾಗ ಅವುಗಳ ಬೂದು ಪುಡಿ ಮನೆಯೊಳಗೆ ಬಂದು ಕೂರುತ್ತದೆ. ಬೆಲೆ ಇದ್ದದ್ದನ್ನು ಒಯ್ದವರು ಬೇರೆ, ಬೆಲೆ ಇಲ್ಲದ್ದರ ಜತೆ ಬಾಳುತ್ತಿರುವವರು ಬೇರೆ. ಗಣಿ ನೆಲದಡಿಯಲ್ಲಿದ್ದರೂ ಅಟ್ಟದ ಮೇಲಿದ್ದರೂ ಈ ಹಂಚಿಕೆ ಒಂದೇ. ಅಂದಹಾಗೆ ಟೋಕಿಯೊ ಒಲಿಂಪಿಕ್ಸಿನ ಪದಕಗಳಿಗಾಗಿ ಜಪಾನೀಯರು 2017ರಿಂದ ಎರಡು ವರ್ಷ ಹಳೆಯ ಉಪಕರಣ ಕೂಡಿಹಾಕಿದರು. 62 ಲಕ್ಷ ಫೋನು ಸೇರಿ ಸುಮಾರು 79 ಸಾವಿರ ಟನ್ನು ಬಂತು, ಅದರಿಂದ 32 ಕಿಲೋ ಚಿನ್ನ ಇಳಿಯಿತು. ಅಷ್ಟು ಚಿನ್ನದ ಹಿಂದೆ ಎಷ್ಟು ಪ್ಲಾಸ್ಟಿಕ್ಕು, ಗಾಜು ಉಳಿದಿರಬೇಕೆಂದು ಯಾರಾದರೂ ಊಹಿಸಬಹುದು.

ನಮ್ಮ ಕಾನೂನಿನ ನಡಿಗೆಗೆ ಬರೋಣ. 2011ರಲ್ಲಿ ಹೊರಬಂದು 2012ರಲ್ಲಿ ಜಾರಿಯಾದ ನಿಯಮಗಳು ಉತ್ಪಾದಕರ ವಿಸ್ತೃತ ಹೊಣೆಗಾರಿಕೆ ಎಂಬ ತತ್ವವನ್ನು ತಂದವು. ಮಾರಿದವನೇ ಮರಳಿ ಪಡೆಯಬೇಕು ಎಂದರ್ಥ. ಎಷ್ಟು ಪಡೆಯಬೇಕೆಂದು ಮಾತ್ರ ಹೇಳಲಿಲ್ಲ. ಗುರಿ ಇಲ್ಲದ ಹೊಣೆ, ಹಾಗಾಗಿ ಕಂಪನಿಗಳು ಜಾಲತಾಣದಲ್ಲಿ ಒಂದು ಪುಟ ತೆರೆದು ಸುಮ್ಮನಾದವು. 2016ರ ನಿಯಮಗಳು ಮೊದಲೆರಡು ವರ್ಷಕ್ಕೆ ಶೇ 30ರ ಗುರಿ ಇಟ್ಟವು. 2018ರ ತಿದ್ದುಪಡಿ ಅದನ್ನು ಶೇ 10ಕ್ಕೆ ಇಳಿಸಿ, ವರ್ಷಕ್ಕೆ ಹತ್ತರಂತೆ ಏರಿಸುತ್ತ ಹೋಗೋಣ ಎಂದಿತು. 2022ರ ನವೆಂಬರಿನಲ್ಲಿ ಮತ್ತೊಂದು ಹೊಸ ನಿಯಮಾವಳಿ ಬಂತು, 2023ರ ಏಪ್ರಿಲ್ 1ರಿಂದ ಜಾರಿ. ಪಟ್ಟಿಯಲ್ಲಿ 21 ಇದ್ದ ಉಪಕರಣಗಳು 106 ಆದವು. ಆಟಿಕೆ, ವೈದ್ಯಕೀಯ ಯಂತ್ರ, ಸೌರಫಲಕ ಎಲ್ಲವೂ ಒಳಗೆ ಬಂದವು. ಪಟ್ಟಿ ಉದ್ದವಾದದ್ದು ನಿಜಕ್ಕೂ ಒಳ್ಳೆಯದು.

ಆದರೆ ಅದೇ ನಿಯಮಾವಳಿ ಇಡೀ ವ್ಯವಹಾರವನ್ನು ಪ್ರಮಾಣಪತ್ರಗಳ ಪೇಟೆಯನ್ನಾಗಿ ಮಾಡಿತು. ಮರುಬಳಕೆ ಘಟಕ ಇಷ್ಟು ಲೋಹ ತೆಗೆದೆ ಎಂದು ಪೋರ್ಟಲ್ಲಿಗೆ ಹಾಕುತ್ತದೆ, ಅದಕ್ಕೆ ಪ್ರಮಾಣಪತ್ರ ಹುಟ್ಟುತ್ತದೆ, ಕಂಪನಿ ಅದನ್ನು ಕೊಂಡು ತನ್ನ ಗುರಿ ಮುಟ್ಟಿತೆಂದು ತೋರಿಸುತ್ತದೆ. ಪ್ರಮಾಣಪತ್ರ ಹುಟ್ಟುವ ಲೋಹಗಳು ನಾಲ್ಕು: ಚಿನ್ನ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ. ನಮ್ಮ ಗೇಟಿನ ಹತ್ತಿರ ನಿಂತವನನ್ನು ಕೇಳಿದ್ದರೂ ಇದೇ ನಾಲ್ಕರ ಹೆಸರು ಹೇಳುತ್ತಿದ್ದ. ಪೇಟೆ ಎಂದಿನಿಂದಲೂ ಆರಿಸಿಕೊಳ್ಳುತ್ತಿದ್ದುದಕ್ಕೇ ಸರ್ಕಾರವೂ ಬಹುಮಾನ ಕಟ್ಟಿತು. ಸೀಸದ ಗಾಜಿಗೆ ಪ್ರಮಾಣಪತ್ರ ಇಲ್ಲ. ಟ್ಯೂಬ್‌ಲೈಟಿನ ಪಾದರಸಕ್ಕಿಲ್ಲ. ಫ್ರಿಜ್ಜಿನ ಕಂಪ್ರೆಸರಿನಿಂದ ಬುಸ್ಸೆಂದು ಹೋಗುವ ಅನಿಲಕ್ಕಿಲ್ಲ. ಹಳೆಯ ಏಸಿಗಳಲ್ಲಿರುವ ಆರ್-22 ಅನಿಲ ಒಂದು ಕಿಲೋ ಸೋರಿದರೆ ಭೂಮಿಯನ್ನು ಕಾಯಿಸುವುದರಲ್ಲಿ ಸುಮಾರು 1,800 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಗುಜರಿ ಅಂಗಡಿಯಲ್ಲಿ ಆ ತಾಮ್ರದ ಕೊಳವೆ ಕತ್ತರಿಸಲು ಹಿಡಿಯುವುದು ಅರ್ಧ ನಿಮಿಷ. ಲೋಹ ತೆಗೆದ ಮೇಲೆ ಮಿಕ್ಕದ್ದನ್ನು ಕ್ರಮದಂತೆ ವಿಲೇವಾರಿ ಮಾಡಬೇಕೆಂಬ ಷರತ್ತು ನಿಯಮದಲ್ಲಿ ಇದೆ, ನಿಜ. ಷರತ್ತು ಪಾಲಿಸಿದವನಿಗೆ ಖರ್ಚು, ಬಿಟ್ಟವನಿಗೆ ಉಳಿತಾಯ. ಪ್ಲಾಸ್ಟಿಕ್ ತ್ಯಾಜ್ಯಕ್ಕೆ ಇಂಥದೇ ಪೇಟೆ ತೆರೆದಾಗ 2023ರಲ್ಲಿ ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರಗಳು ಸಿಕ್ಕಿಬಿದ್ದವು, ಅವನ್ನು ಸೃಷ್ಟಿಸಿದ ಘಟಕಗಳಿದ್ದ ರಾಜ್ಯಗಳಲ್ಲಿ ನಮ್ಮದೂ ಒಂದು. ಕಾಗದದ ಮೇಲೆ ಕಸ ಕರಗಿಸುವ ವಿದ್ಯೆ ನಮಗೆ ಬೇಗ ಒಲಿಯುತ್ತದೆ.

ಅಂಕಿಗಳ ಬಗ್ಗೆ ಎರಡೇ ಮಾತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕದಲ್ಲಿ 2021-22ರಲ್ಲಿ ದೇಶದಲ್ಲಿ ಹುಟ್ಟಿದ ಇ-ತ್ಯಾಜ್ಯ 16 ಲಕ್ಷ ಟನ್ನು, ಸಂಗ್ರಹಿಸಿ ಸಂಸ್ಕರಿಸಿದ್ದು 5.27 ಲಕ್ಷ ಟನ್ನು. ವಿಶ್ವಸಂಸ್ಥೆಯ 2024ರ ವರದಿಯಲ್ಲಿ 2022ರ ಭಾರತದ ಪಾಲು 41 ಲಕ್ಷ ಟನ್ನು. ಮಂಡಳಿ ತನ್ನ ಪಟ್ಟಿಯ 21 ಉಪಕರಣಗಳ ಮಾರಾಟದ ಮೇಲೆ ಲೆಕ್ಕ ಹಾಕಿತ್ತು, ವಿಶ್ವಸಂಸ್ಥೆ ವೈರು ಅಥವಾ ಬ್ಯಾಟರಿ ಇರುವುದನ್ನೆಲ್ಲ ಎಣಿಸುತ್ತದೆ. ಮೂರರಲ್ಲೊಂದು ಪಾಲು ಸಂಸ್ಕರಿಸಿದೆವು ಎಂದು ಬೀಗಿದ್ದು ಚಿಕ್ಕ ತಟ್ಟೆ ಇಟ್ಟುಕೊಂಡು ಹೊಟ್ಟೆ ತುಂಬಿತೆಂದ ಹಾಗೆ. ಇಡೀ ಜಗತ್ತಿನ ಸ್ಥಿತಿಯೂ ಹೆಮ್ಮೆಪಡುವಂಥದ್ದಲ್ಲ: 6.2 ಕೋಟಿ ಟನ್ನಿನಲ್ಲಿ ಲೆಕ್ಕಕ್ಕೆ ಸಿಕ್ಕಂತೆ ಸರಿಯಾಗಿ ಮರುಬಳಕೆಯಾದದ್ದು ಶೇ 22.3.

ಸಂಸ್ಥೆಗಳು, ಕಚೇರಿಗಳು ಮನೆಗಳಿಗಿಂತ ಸುಲಭವಾಗಿ ದಾರಿಗೆ ಬಂದಾವು ಎಂದು ಎಲ್ಲರೂ ನಂಬಿದ್ದೆವು. ಅಲ್ಲಿ ಅಡ್ಡ ಬಂದದ್ದು ಹರಾಜು. ಹಳೆಯ ಸಾಮಾನು ಹೆಚ್ಚು ಕೂಗಿದವನಿಗೆ ಹೋಗಬೇಕು, ಇಲ್ಲದಿದ್ದರೆ ಲೆಕ್ಕಪರಿಶೋಧಕರ ಆಕ್ಷೇಪಣೆ. ಹೊಗೆ ಶುದ್ಧ ಮಾಡುವ ಯಂತ್ರ ಇಟ್ಟವನಿಗಿಂತ ಬಯಲಲ್ಲಿ ಸುಡುವವನು ಯಾವಾಗಲೂ ಎರಡು ರೂಪಾಯಿ ಹೆಚ್ಚು ಕೂಗಬಲ್ಲ. ಹರಾಜಿನ ಅತಿ ಘೋರ ಪಾಠ 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಸಿಕ್ಕಿತು. ವಿಶ್ವವಿದ್ಯಾಲಯವೊಂದರ ಪ್ರಯೋಗಾಲಯದಲ್ಲಿ ವರ್ಷಾನುಗಟ್ಟಲೆ ಮೂಲೆ ಸೇರಿದ್ದ ಗಾಮಾ ಯಂತ್ರ ಗುಜರಿಗೆ ಹರಾಜಾಯಿತು. ಬಿಚ್ಚಿದವರಿಗೆ ಒಳಗಿದ್ದದ್ದು ಕೋಬಾಲ್ಟ್-60 ಎಂದು ಗೊತ್ತಿರಲಿಲ್ಲ. ಒಬ್ಬ ಕಾರ್ಮಿಕ ತೀರಿಕೊಂಡ, ಹಲವರು ಆಸ್ಪತ್ರೆ ಸೇರಿದರು. ಈಗ ಅಧಿಕೃತ ಘಟಕಗಳಿಗೇ ಕೊಡಬೇಕೆಂಬ ಕಟ್ಟಳೆ ಇದೆ, ಆದರೆ ಅವರೊಳಗೂ ಮಾಲು ಸಿಗುವುದು ಹೆಚ್ಚು ಕೂಗಿದವನಿಗೇ.

ಎಲ್ಲವೂ ಕೆಟ್ಟಿತೆಂದು ಹೇಳಿದರೆ ಅದೂ ಸುಳ್ಳು ಲೆಕ್ಕವೇ. ಸೀಸ, ಪಾದರಸ, ಕ್ಯಾಡ್ಮಿಯಂ ಮುಂತಾದವು ಹೊಸ ಉಪಕರಣಗಳಲ್ಲಿ ಮಿತಿ ಮೀರಬಾರದೆಂಬ ನಿಯಮ 2014ರಿಂದ ನಡೆಯುತ್ತಿದೆ. ಇವತ್ತಿನ ಬೋರ್ಡು ಇಪ್ಪತ್ತು ವರ್ಷ ಹಿಂದಿನದಷ್ಟು ವಿಷವಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ಲ್ಯಾಪ್‌ಟಾಪಿನ ಕೀಲು, ಪರದೆ, ಬ್ಯಾಟರಿ ಹುಡುಕಿಕೊಂಡು ಈಗಲೂ ಹುಡುಗರು ಹೋಗುತ್ತಾರೆ. ಯಾವ ನಿಯಮವೂ ಇಲ್ಲದೆ ಉಪಕರಣಗಳ ಆಯುಸ್ಸು ಹೆಚ್ಚಿಸಿದ ಆ ರಸ್ತೆಗೆ ನಾವು ಪರಿಸರ ಪ್ರಶಸ್ತಿ ಕೊಟ್ಟದ್ದಿಲ್ಲ. 2024ರಲ್ಲಿ ಮನೆಬಳಕೆಯ ಉಪಕರಣಗಳ ಮರುಬಳಕೆಗೆ ಕಂಪನಿಗಳು ಕಿಲೋಗೆ ಕನಿಷ್ಠ 22 ರೂಪಾಯಿ ಕೊಡಬೇಕೆಂದು ಗೊತ್ತುಮಾಡಿದ್ದು ನಮ್ಮ ಕಣ್ಣಿಗೆ ಈ ಇಪ್ಪತ್ತು ವರ್ಷದ ಅತಿ ಸರಿಯಾದ ಹೆಜ್ಜೆ. ಸರಿಯಾದ ಕೆಲಸಕ್ಕೆ ಯಾರೋ ದುಡ್ಡು ಕೊಡಲೇಬೇಕೆಂದು ಮೊದಲ ಸಲ ಒಪ್ಪಿಕೊಂಡಂತಾಯಿತು. ದೊಡ್ಡ ದೊಡ್ಡ ಕಂಪನಿಗಳು ಕೂಡಲೇ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದವು. ಅವು ಏರಿದ ರಭಸ ನೋಡಿದರೆ ಹೆಜ್ಜೆ ಬಿದ್ದದ್ದು ಸರಿಯಾದ ಜಾಗದಲ್ಲೇ ಇರಬೇಕು.

ಆದರೆ ಆ 22 ರೂಪಾಯಿ ನಮ್ಮ ಗೇಟಿನವರೆಗೆ ಬರುವುದಿಲ್ಲ. ಅದು ಘಟಕದ ಕೈಗೆ ನಿಂತುಬಿಡುತ್ತದೆ. ಬೀದಿ ಸುತ್ತುವವನು ಕಾನೂನಿನ ಕಣ್ಣಿಗೆ ಇಲ್ಲವೇ ಇಲ್ಲ. 2016ರ ನಿಯಮಗಳಲ್ಲಾದರೂ ಸಂಗ್ರಹ ಕೇಂದ್ರ, ಬಿಚ್ಚುವ ಘಟಕ ಎಂಬ ಹೆಸರುಗಳಿದ್ದವು. ಬೀದಿಯವನು ಮುಂದೊಂದು ದಿನ ಹತ್ತಬಹುದಾಗಿದ್ದ ಮೆಟ್ಟಿಲುಗಳು ಅವು. 2022ರಲ್ಲಿ ಅವೂ ಹೋದವು. ಈಗ ನೋಂದಣಿ ಇರುವುದು ತಯಾರಕ, ಉತ್ಪಾದಕ, ದುರಸ್ತಿಗಾರ, ಮರುಬಳಕೆದಾರ ಈ ನಾಲ್ವರಿಗೆ. ಕಾರ್ಮಿಕರನ್ನು ಗುರುತಿಸಬೇಕು, ತರಬೇತಿ ಕೊಡಬೇಕು ಎಂದು ರಾಜ್ಯ ಸರ್ಕಾರಗಳಿಗೆ ಒಂದು ಸಾಲು ಬರೆದಿಟ್ಟಿದ್ದಾರೆ. ಅದು ಆಗದ ಕೆಲಸವೇನಲ್ಲ. ಲೋಕ ಅದಾಲತ್ತಿನ ನಿರ್ದೇಶನದ ಮೇಲೆ 2011ರಲ್ಲೇ ಬೆಂಗಳೂರಿನ ಪಾಲಿಕೆ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಡಲು ತೊಡಗಿತು. ಹಸಿರು ದಳದಂಥ ಸಂಘಟನೆಯ ಬೆನ್ನಾಸರೆಯಲ್ಲಿ, ಒಂದು ಕಾಲಕ್ಕೆ ಚೀಲ ಹೊತ್ತು ತಿರುಗುತ್ತಿದ್ದವರೇ ವಾರ್ಡಿನ ಒಣತ್ಯಾಜ್ಯ ಕೇಂದ್ರ ನಡೆಸಿ ತೋರಿಸಿದ್ದಾರೆ. ಪೇಪರು, ಪ್ಲಾಸ್ಟಿಕ್ಕಿಗೆ ಆದದ್ದು ಬೋರ್ಡು, ಬ್ಯಾಟರಿಗೆ ಯಾಕಾಗದು? ಒಡೆಯದೆ ತಂದ ಟ್ಯೂಬಿಗೆ, ಅನಿಲ ಬಿಡದೆ ತಂದ ಕಂಪ್ರೆಸರಿಗೆ, ಒಡೆದುಹೋಗದ ಸಿಎಫ್‌ಎಲ್ಲಿಗೆ ಬಿಡಿಯಾಗಿ ಇಷ್ಟೆಂದು ಗೊತ್ತುಮಾಡಿ, ಆ ದುಡ್ಡನ್ನು ತಂದವನ ಕೈಗೇ ಕೊಟ್ಟರೆ ಆತ ನಮ್ಮೆಲ್ಲರಿಗಿಂತ ಜೋಪಾನವಾಗಿ ಹೊತ್ತು ತಂದಾನು.

ಸಿಎಫ್‌ಎಲ್ ಎಂದೊಡನೆ ಆ ಶೂ ಡಬ್ಬ. ಒಂದೊಂದು ಬಲ್ಬಿನಲ್ಲಿ ನಾಲ್ಕೈದು ಮಿಲಿಗ್ರಾಂ ಪಾದರಸ. ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ರಾಜ್ಯದಲ್ಲಿ ಎಲ್‌ಇಡಿ ಬಲ್ಬು ಹಂಚಿದರು, ದೇಶದಾದ್ಯಂತ ಹಂಚಿದ್ದು 36 ಕೋಟಿಗೂ ಹೆಚ್ಚು. ವಿದ್ಯುತ್ ಉಳಿಯಿತು, ಸಂತೋಷ. ಅವು ಹೋಲ್ಡರಿನಿಂದ ಇಳಿಸಿದ ಸಿಎಫ್‌ಎಲ್‌ಗಳು ಎಲ್ಲಿ ಹೋದವೆಂದು ಆಗ ಕೇಳಿದವರು ಕಡಿಮೆ, ಕೇಳದೆ ಇದ್ದವರಲ್ಲಿ ಈ ಪತ್ರಿಕೆಯೂ ಸೇರಿದೆ. ಹೊಸದನ್ನು ಹಂಚುವ ಸಡಗರದಲ್ಲಿ ಹಳತನ್ನು ಮರೆಯುವುದು ನಮ್ಮ ಹಳೆಯ ಚಾಳಿ.

ಮುಂದಿನ ಸಿಂಹಾವಲೋಕನ ಬರೆಯುವವರು ಎಲ್ಲಿಂದ ಶುರು ಮಾಡುತ್ತಾರೆಂದು ನಮಗೆ ಈಗಲೇ ಗೊತ್ತು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕು ಇದೆ. ಶೇಂಗಾ ಬೆಳೆಯುತ್ತಿದ್ದ ನೆಲದ ಮೇಲೆ ಈಗ ಕಣ್ಣು ಹಾಯುವವರೆಗೂ ನೀಲಿ ಗಾಜು. ಸೌರಫಲಕದ ಆಯುಸ್ಸು 25 ವರ್ಷ ಅನ್ನುತ್ತಾರೆ, ಆದರೆ ಆಲಿಕಲ್ಲಿಗೆ, ಗಾಳಿಗೆ, ಕೋತಿಗೆ ಒಡೆಯುವವು ಅಷ್ಟು ಕಾಯುವುದಿಲ್ಲ. 2022ರ ನಿಯಮಗಳು ಫಲಕಗಳ ತ್ಯಾಜ್ಯವನ್ನು 2034-35ರವರೆಗೆ ಶೇಖರಿಸಿಡಿ ಎನ್ನುತ್ತವೆ. ಅಂದರೆ ಅಟ್ಟಕ್ಕೇರಿಸಿ ಎಂದು.

ಹೋದ ತಿಂಗಳು ಆ ಕಡೆ ಹೋದಾಗ ದಾರಿ ಬದಿಯ ಗುಜರಿ ಅಂಗಡಿಯೊಂದರ ಮುಂದೆ ಟೀ ಕುಡಿಯಲು ನಿಂತೆವು. ಗೋಡೆಗೆ ಐದಾರು ಒಡೆದ ಫಲಕ ಒರಗಿಸಿದ್ದರು, ರೈತರ ಪಂಪ್‌ಸೆಟ್ಟಿನವು ಇರಬೇಕು. ಸುತ್ತಲಿನ ಅಲ್ಯೂಮಿನಿಯಂ ಚೌಕಟ್ಟು ಆಗಲೇ ಬಿಚ್ಚಿ ತೂಕಕ್ಕೆ ಇಟ್ಟಾಗಿತ್ತು, ಹಿಂಬದಿಯ ತಾಮ್ರದ ವೈರು ಸುಲಿದಾಗಿತ್ತು. ಸೀಳುಬಿಟ್ಟ ಗಾಜಿನ ಮೇಲೆ ಒಂದು ಬೆಕ್ಕು ಬಿಸಿಲು ಕಾಯಿಸುತ್ತ ಮಲಗಿತ್ತು. ನಾವು ಅದನ್ನೇ ನೋಡುತ್ತಿದ್ದುದನ್ನು ಕಂಡು ಅಂಗಡಿಯ ಯಜಮಾನರು ಗಲ್ಲಾದಿಂದ ಎದ್ದು ಬಂದರು.

"ಪೇಪರ್‌ನೋರಾ ಸ್ವಾಮಿ? ಹಂಗಾರೆ ಒಂದ್ ವಿಚಾರ್ಸಿ ಹೇಳಿ. ಈ ಗಾಜು ಯಾರೂ ತಗಳಲ್ಲ. ಎಲ್ಲಿಗ್ ಹಾಕ್ಲಿ?"